ಯಮಿಲಾಳ ಲ್ಯಾಪ್‌ಟಾಪಿನ ಮಹಾಶುದ್ಧಿ

ಆ ಭಾನುವಾರ ಮಧ್ಯಾಹ್ನ ಮಾಟೆ ಚಹಾ ಹೀರುತ್ತ ಘೋಷಿಸಿಯೇಬಿಟ್ಟೆ: "ಯಮಿಲಾ, ನಿನ್ನ ಲ್ಯಾಪ್‌ಟಾಪಿನ ಕಸವನ್ನೆಲ್ಲ ಇವತ್ತು ಗುಡಿಸಿ ಬಿಸಾಡ್ತೀನಿ!" ಇಡೀ ಮೊಂತೆವಿದೇವೊ ನಗರದಲ್ಲಿ ಲಿನಕ್ಸ್ ಬಲ್ಲವನು ನಾನೊಬ್ಬನೇ ಎಂಬ ಗತ್ತು!

"ಆರು ಗಂಟೆಗೆ ನನ್ನ ರೇಡಿಯೊ ಕಾರ್ಯಕ್ರಮ. ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇದೆ. ಮುಟ್ಟಬೇಡ ಮಾರಾಯ," ಎಂದಳು ನನ್ನ ಹೆಂಡತಿ.

"ನಾನಿದ್ದೀನಲ್ಲ!"

"ಅದೇ ಭಯ."

ನಮ್ಮಿಬ್ಬರ ಲ್ಯಾಪ್‌ಟಾಪನ್ನೂ ನಡೆಸುವ ಲಿನಕ್ಸಿನಲ್ಲಿ ಸಾಫ್ಟ್‌ವೇರ್‌ಗಳನ್ನು ಕರೆತರಲು, ಕಳಿಸಿಕೊಡಲು ಒಬ್ಬ ಮ್ಯಾನೇಜರ್ ಇರುತ್ತಾನೆ, ಅವನೂ ಒಂದು ಸಾಫ್ಟ್‌ವೇರೇ. ಅಲ್ಲಿ ಒಂದು ಸಾಫ್ಟ್‌ವೇರ್ ಇನ್ನೊಂದರ ಹೆಗಲ ಮೇಲೆ ಕೂತಿರುತ್ತದೆ. ಯಾರು ಯಾರನ್ನು ಹೊತ್ತಿದ್ದಾರೆಂಬ ಲೆಕ್ಕ ಅವನದು. ನನ್ನ ಲ್ಯಾಪ್‌ಟಾಪಿನ ಪ್ಯಾಕ್‌ಮನ್ ಎಂಬ ಮ್ಯಾನೇಜರ್ ಜಗಮೊಂಡ. ಏನನ್ನಾದರೂ ತೆಗೆ ಎಂದರೆ, "ಇದನ್ನೇ ನಂಬಿದವರಿದ್ದಾರೆ, ಆಗಲ್ಲ ಹೋಗು" ಎಂದು ಕೈಕಟ್ಟಿ ನಿಲ್ಲುತ್ತಾನೆ. ಯಮಿಲಾಳ ಲ್ಯಾಪ್‌ಟಾಪಿನ ಮ್ಯಾನೇಜರ್ ಆಪ್ಟ್ ಮಹಾ ವಿನಯವಂತ. "ಇದರ ಜೊತೆ ಇಷ್ಟೂ ಮಂದಿ ಹೊರಡ್ತಾರೆ ಧಣಿ, ಮುಂದುವರಿಯಲಾ?" ಎಂದು ಕೇಳುತ್ತಾನೆ. ಹೂಂ ಎಂದಿರೋ, ಮುಗಿಯಿತು!

ನನ್ನ ಕಣ್ಣಿಗೆ ಬಿದ್ದದ್ದು ಪ್ರೋಗ್ರಾಂ ಬರೆಯುವವರ ಪೈಥಾನ್. ರೇಡಿಯೊದವಳಿಗೆ ಇದೇಕೆ? ತೆಗೆಯಲು ಹೇಳಿದೆ. ಪರದೆಯ ತುಂಬ ಹೆಸರುಗಳು ಸರಸರನೆ ಹರಿದವು. ಓದಲಿಲ್ಲ! ಅಪಾಯವಿದ್ದರೆ ಆಪ್ಟ್ ತಾನೇ ತಡೆಯುತ್ತಿದ್ದನಲ್ಲ? ಪ್ಯಾಕ್‌ಮನ್ ಕೈಯಲ್ಲಿ ಬೈಸಿಕೊಂಡೇ ಬೆಳೆದವನು ನಾನು. ರಾಜಗಾಂಭೀರ್ಯದಿಂದ ಹೌದು ಎಂದೆ.

ಶುರುವಾಯಿತು ಮೆರವಣಿಗೆ! ಅರ್ಧ ಲ್ಯಾಪ್‌ಟಾಪೇ ಪೈಥಾನಿನ ಹೆಗಲ ಮೇಲೆ ಕೂತಿತ್ತು. ಪರದೆಯ ಮೇಲಿನ ಚಿತ್ರಗಳು ಹೋದವು, ಕಿಟಕಿಗಳು ಹೋದವು, ರೆಕಾರ್ಡಿಂಗ್ ಸಾಫ್ಟ್‌ವೇರ್ ಹೋಯಿತು. ಕಪ್ಪು ಪರದೆಯ ಮೇಲೆ ಒಂದು ಗೀಟು ಮಾತ್ರ ಕಣ್ಣು ಮಿಟುಕಿಸುತ್ತಿತ್ತು. ಹೋದವರನ್ನು ವಾಪಸು ಕರೆಸಲು ಇಂಟರ್ನೆಟ್ ಬೇಕು; ಇಂಟರ್ನೆಟ್ ಜೋಡಿಸುವ ಸಾಫ್ಟ್‌ವೇರೂ ಅವರ ಜೊತೆಗೇ ಹೊರಟುಹೋಗಿತ್ತು!

"ಏನಾಯ್ತು?" ಯಮಿಲಾ ಬಾಗಿಲಲ್ಲಿ.

"ಕ್ಲೀನ್ ಆಯ್ತು."

"ಎಷ್ಟು?"

"ಪೂರ್ತಿ."

"ನನ್ನ ರೆಕಾರ್ಡಿಂಗು?"

"ಒಳಗೆ ಕ್ಷೇಮವಾಗಿದೆ. ಹೊರಗೆ ಬರೋಕೆ ಬಾಗಿಲೊಂದೇ ಇಲ್ಲ."

ಅವಳು ಬರಿಗೈಯಲ್ಲಿ ರೇಡಿಯೊ ಕೇಂದ್ರದ ಬಸ್ಸು ಹತ್ತಿದಳು. ಆ ಗೀಟಿನ ಮುಂದೆ ಒಂದು ಆಜ್ಞೆ ಟೈಪಿಸಿ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ಕಾಪಿ ಮಾಡಬಹುದಿತ್ತೆಂದು ನನಗೆ ಹೊಳೆದದ್ದು ಬಸ್ಸು ತಿರುವು ದಾಟಿದ ಮೇಲೆ!

ಆರಕ್ಕೆ ರೇಡಿಯೊ ಹಾಕಿದೆ. ಯಮಿಲಾಳ ದನಿ ಗಿಣಿಯಂತೆ ಉಲಿಯುತ್ತಿತ್ತು: "ಕೇಳುಗರೇ, ಇವತ್ತಿನ ಕತೆ ಬದಲಾಗಿದೆ. ನಮ್ಮನೇಲಿ ಒಬ್ಬ ಮಹಾಪಂಡಿತ ಇದ್ದಾನೆ..." ಕಾರ್ಯಕ್ರಮ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ. ಫೋನ್ ಮಾಡಿದವರಂತೂ ನಗುವಿನಲ್ಲಿ ಮಾತೇ ಮರೆತರು. ವರ್ಷದಲ್ಲೇ ಅತ್ಯುತ್ತಮ ಕಂತಂತೆ!

ಮರುದಿನ ಬೆಳಿಗ್ಗೆ ಬೇಕರಿಗೆ ಹೋದೆ. ಅಂಗಡಿಯ ಯಜಮಾನ ದೋನ್ ಇಸ್ಮಾಯೆಲ್ ಬನ್ನು ಎತ್ತುವ ಇಕ್ಕಳ ಹಿಡಿದು ನಿಂತಿದ್ದರು.

"ಆರು ಬಿಸ್ಕೋಚೊ ಬನ್ನು ಕೊಡಿ," ಎಂದೆ.

ಅವರು ನನ್ನನ್ನೊಮ್ಮೆ ನೋಡಿ ಇಕ್ಕಳವನ್ನು ಮೆಲ್ಲಗೆ ಕೆಳಗಿಟ್ಟರು.

"ಕೊಡ್ತೀನಪ್ಪ. ನಿನ್ನೆ ರೇಡಿಯೊ ಕೇಳಿದೆ. ಮನೆಯವರನ್ನ ಕೇಳ್ಕೊಂಡೇ ಬಂದಿದ್ದೀಯ ತಾನೇ?"