ಸಿಕ್ಕಿಬೀಳಬೇಕಿದ್ದ ಮೇಷ್ಟ್ರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಒಂದು ಸಾಲಿನ ಉತ್ತರ. "ಆಯುಧ ಹಿಡಿದವರು ಶಾಲೆಗೆ ನುಗ್ಗಿದರೆ ಏನು ಕ್ರಮ ಕೈಗೊಳ್ಳುತ್ತೀರಿ?" ಅಂತ ಮೇಲಿನ ಕಚೇರಿಯಿಂದ ಕಾಗದ ಬಂದಿತ್ತು. ಹೆಡ್ ಮೇಡಂ ಏನೋ ಅವಸರದಲ್ಲಿದ್ದರು. "ಅವರಿಂದ ಲಿಖಿತ ವಿವರಣೆ ಕೇಳುತ್ತೇವೆ" ಅಂತ ಬರೆದು ಕಳಿಸಿಯೇಬಿಟ್ಟರು.

ಮೂರೇ ವಾರದಲ್ಲಿ ಶಾಲೆಗೆ ಎರಡಾಳೆತ್ತರದ ಕಬ್ಬಿಣದ ಗೇಟು ಬಂತು, ಕಿಟಕಿಗಳಿಗೆ ಸರಳು ಬಂತು, ಪ್ರತಿ ಬಾಗಿಲಿಗೂ ಒಳಗಿನಿಂದ ಹಾಕುವ ಗಟ್ಟಿ ಚಿಲಕ ಬಂತು, ಕಿವಿ ಕಿತ್ತುಹೋಗುವಂಥ ಸೈರನ್ ಬಂತು. ಇವೆಲ್ಲ ಕೆಲಸಕ್ಕೆ ಬರುತ್ತವೋ ಇಲ್ಲವೋ ನೋಡಲು ಮೇಲಿನ ಕಚೇರಿಯ ಸಾಹೇಬರೇ ಬರುತ್ತಾರೆ, ಅವರೆದುರು ಒಂದು ಅಣಕು ದಾಳಿ ನಡೆಯಬೇಕು ಅಂತಾಯಿತು. ದಾಳಿ ಅಂದಮೇಲೆ ದಾಳಿ ಮಾಡೋನು ಒಬ್ಬ ಬೇಕಲ್ಲ! ಆಟದ ಮೇಷ್ಟ್ರು ಮಂಡಿನೋವು ಅಂದರು. ಸಂಗೀತದ ಟೀಚರ್ ಗಂಟಲುನೋವು ಅಂದರು. ದಾಳಿಗೂ ಗಂಟಲಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ; ಅಷ್ಟರಲ್ಲಿ ಎಲ್ಲರೂ ಬಣ್ಣದ ಮೇಷ್ಟ್ರ ಕಡೆ ತಿರುಗಿಯಾಗಿತ್ತು.

ಬಣ್ಣದ ಮೇಷ್ಟ್ರು ಅಂದರೆ ಡ್ರಾಯಿಂಗ್ ಮೇಷ್ಟ್ರು. ಹನ್ನೊಂದು ವರ್ಷದಿಂದ ಅದೇ ಶಾಲೆ, ಅದೇ ಕೊಠಡಿ, ಅದೇ ತಾತ್ಕಾಲಿಕ ಕೆಲಸ. ಅವರ ಅತ್ತೆಯಂತೂ ನೆಂಟರ ಮುಂದೆ "ಇವರು ನಮ್ಮ ತಾತ್ಕಾಲಿಕ ಅಳಿಯಂದಿರು" ಅಂತಲೇ ಪರಿಚಯ ಮಾಡಿಕೊಡೋದು.

ದಾಳಿಯ ದಿನ ಬೆಳಗ್ಗೆ ಹೆಡ್ ಮೇಡಂ ಅವರನ್ನು ಒಳಗೆ ಕರೆದರು. "ನೋಡಿ ಮೇಷ್ಟ್ರೇ, ನಿಮ್ಮನ್ನ ಕಾಯಂ ಮಾಡೋ ಆರ್ಡರ್ ಟೈಪಾಗಿ ನನ್ನ ಮೇಜಿನ ಮೇಲಿದೆ. ಸಾಹೇಬರ ರುಜು ಒಂದು ಬೇಕು. ಇವತ್ತೇ ಕೊನೇ ದಿನ. ಅವರು ರುಜು ಹಾಕಿ, ನೀವು ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ, ಎಲ್ಲ ಸಾಯಂಕಾಲ ನಾಲ್ಕರೊಳಗೆ ಮುಗೀಬೇಕು. ಇಲ್ದಿದ್ರೆ ಆರ್ಡರ್ ರದ್ದು."

"ನಾನೇನು ಮಾಡಬೇಕು ಮೇಡಂ?"

"ಏನಿಲ್ಲ, ಗೇಟಲ್ಲೇ ಅಚ್ಚುಕಟ್ಟಾಗಿ ಸಿಕ್ಕಿಬೀಳಿ. ಸಾಹೇಬರು ಖುಷಿಯಾಗ್ತಾರೆ, ನಾನು ಕಾಗದ ಮುಂದೆ ಹಿಡೀತೀನಿ."

"ಸಿಕ್ಕಿಬೀಳೋದು ತಾನೇ? ಅದೇನು ಮಹಾ!" ಅಂದರು ಮೇಷ್ಟ್ರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಿಗೆ ತಮ್ಮ ಕೈಲಾಗುವಂಥ ಕೆಲಸ ಸಿಕ್ಕಿದೆ ಅನ್ನಿಸಿತ್ತು.

ಹನ್ನೊಂದು ಗಂಟೆಗೆ ಸರಿಯಾಗಿ ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿ, ಕೈಯಲ್ಲಿ ರಟ್ಟಿನ ಬಂದೂಕು ಹಿಡಿದು ಗೇಟಿನ ಮುಂದೆ ನಿಂತರು. ಮಹಡಿಯ ಮೇಲೆ ಸಾಹೇಬರು ಗಡಿಯಾರ ನೋಡುತ್ತ ನಿಂತಿದ್ದರು. ಗೇಟು ಕಾಯುವ ತಾತ ಎದ್ದು ಬಂದ.

"ಬನ್ನಿ ಮೇಷ್ಟ್ರೇ. ಮುಖಕ್ಕೇನಾಯ್ತು? ಹಲ್ಲುನೋವಾ?"

"ನಾನು ಮೇಷ್ಟ್ರಲ್ಲ! ದಾಳಿ ಮಾಡೋಕೆ ಬಂದಿದೀನಿ. ಹಿಡಿ ನನ್ನ!"

"ಅಯ್ಯೋ, ನಿಮ್ಮ ನಡಿಗೆ ನಂಗೊತ್ತಿಲ್ವಾ? ಕೊಡಿ ಇಲ್ಲಿ, ಭಾರ ಇರಬೇಕು" ಅಂತ ತಾತ ಬಂದೂಕು ಇಸಿದುಕೊಂಡು, ಗೇಟು ತೆಗೆದು, ಮೇಷ್ಟ್ರನ್ನು ಒಳಗೆ ಬಿಟ್ಟು, ಬಂದೂಕನ್ನು ಮರಳಿ ಅವರ ಕೈಗೇ ಕೊಟ್ಟ.

"ಸೈರನ್ ಒತ್ತು ತಾತ, ನಿನ್ನ ಕಾಲಿಗೆ ಬೀಳ್ತೀನಿ!"

"ಶ್! ಆರನೇ ತರಗತಿ ಮಕ್ಕಳು ಪರೀಕ್ಷೆ ಬರೀತಿದಾರೆ. ಮೇಡಂ ಬೈತಾರೆ."

ಮೇಷ್ಟ್ರು ಒಳಗೆ ಓಡಿದರು. ಹೋಗಲಿ, ತರಗತಿಗಳ ಚಿಲಕವಾದರೂ ಗಟ್ಟಿಯಿದೆಯಲ್ಲ ಅಂತ ಏಳನೇ ತರಗತಿಯ ಬಾಗಿಲನ್ನು ಧಬಧಬ ಬಡಿದರು. "ಬಾಗಿಲು ತೆಗೀರಿ, ಇಲ್ಲಾಂದ್ರೆ ಒಡೆದುಹಾಕ್ತೀನಿ!"

ಬಾಗಿಲು ತಟ್ಟನೆ ತೆರೆಯಿತು. ಗಣಿತದ ಟೀಚರ್ ನಿಂತಿದ್ದರು. "ಸದ್ಯ, ಬಂದ್ರಲ್ಲ! ನಿಮಗೆ ಈ ಪೀರಿಯಡ್ ಬಿಡುವು ತಾನೇ? ನಮ್ಮಕ್ಕನಿಗೊಂದು ಫೋನ್ ಮಾಡಿ ಬರ್ತೀನಿ, ಮಕ್ಕಳನ್ನ ಸ್ವಲ್ಪ ನೋಡ್ಕೊಳ್ಳಿ."

"ಟೀಚರ್, ನನ್ನ ಕೈಯಲ್ಲಿ ಬಂದೂಕಿದೆ!"

"ಒಳ್ಳೇದೇ ಆಯ್ತು. ಹಿಂದಿನ ಬೆಂಚು ಸುಮ್ಮನಿರುತ್ತೆ" ಅಂದವರೇ ಹೊರಟೇಹೋದರು.

ಸಾಹೇಬರು ಹುಡುಕಿಕೊಂಡು ಬಂದಾಗ ಮೇಷ್ಟ್ರು ಮುಖದ ಬಟ್ಟೆಯನ್ನು ಹಣೆಗೇರಿಸಿ, ಬಂದೂಕನ್ನು ಮೇಜಿನ ಮೇಲಿಟ್ಟು, ನೆರಳು ಎಲ್ಲಿ ಗಾಢವಾಗಬೇಕು ಅಂತ ಬೋರ್ಡಿನ ಮೇಲೆ ತೋರಿಸುತ್ತಿದ್ದರು. ಮಕ್ಕಳು ತುಟಿ ಪಿಟಕ್ಕೆನ್ನದೆ ಬಂದೂಕಿನ ಚಿತ್ರ ಬರೆಯುತ್ತಿದ್ದರು. ಅಷ್ಟು ಶಿಸ್ತು ಆ ತರಗತಿ ಹಿಂದೆಂದೂ ಕಂಡಿರಲಿಲ್ಲ.

"ಮೂವತ್ತೆಂಟು ನಿಮಿಷ!" ಸಾಹೇಬರು ಕಿರುಚಿದರು. "ಮೂವತ್ತೆಂಟು ನಿಮಿಷದಿಂದ ಈ ಶಾಲೆ ಶತ್ರುವಿನ ವಶದಲ್ಲಿದೆ. ಶತ್ರು ಪಾಠ ಮಾಡ್ತಿದ್ದಾನೆ!"

ಆಮೇಲೆ ಎಲ್ಲರನ್ನೂ ಮೈದಾನದಲ್ಲಿ ನಿಲ್ಲಿಸಿ ಝಾಡಿಸಿದರು ನೋಡಿ, ಗೇಟಿನ ತಾತ ಮೂವತ್ತು ವರ್ಷದಲ್ಲಿ ಅಂಥ ಬೈಗುಳ ತಿಂದಿರಲಿಲ್ಲ. "ನಾಲ್ಕು ಗಂಟೆಯೊಳಗೆ ಇನ್ನೊಂದು ದಾಳಿ ನಡೆಯುತ್ತೆ. ಯಾವಾಗ ಅಂತ ಹೇಳಲ್ಲ, ಯಾರು ಅಂತಾನೂ ಹೇಳಲ್ಲ. ಹೆತ್ತ ತಾಯಿ ಬಂದು ಕರೆದ್ರೂ ಬಾಗಿಲು ತೆಗೀಬೇಡಿ. ಸಿಕ್ಕಿಬಿದ್ದವನು ಏನೇ ಹೇಳಿದ್ರೂ ನಂಬಬೇಡಿ!" ಮೇಷ್ಟ್ರನ್ನು ಮಾತ್ರ ಪಕ್ಕಕ್ಕೆ ಕರೆದು, "ಈ ಸಲ ನನ್ನ ಮನುಷ್ಯ ಬರ್ತಾನೆ. ನೀವು ಮನೆಗೆ ಹೋಗಿ" ಅಂದರು.

ಮೇಷ್ಟ್ರು ಮನೆಗೆ ಹೋಗಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗೋದು? ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಒಂದೊಂದೇ ಬಸ್ಸು ಬಿಡುತ್ತ ಮಧ್ಯಾಹ್ನ ಕಳೆದರು. ಆರ್ಡರ್ ಕೈಗೆ ಬಂದಂತೆಯೇ ಬಂದು ಜಾರಿತಲ್ಲ! ಮೂರೂವರೆಗೆ ಫೋನ್ ಬಡಿದುಕೊಂಡಿತು. ಹೆಡ್ ಮೇಡಂ!

"ಎಲ್ಲಿದ್ದೀರಿ ಮೇಷ್ಟ್ರೇ? ಸಾಹೇಬರು ರುಜು ಹಾಕಿಬಿಟ್ರು! ಊಟ ಆದಮೇಲೆ ಒಳ್ಳೇ ಮೂಡಲ್ಲಿದ್ರು, ಕಾಗದ ಹಿಡಿದುಬಿಟ್ಟೆ. 'ಆ ಶತ್ರು ಪಾಠ ಚೆನ್ನಾಗಿ ಮಾಡ್ತಾನೆ' ಅಂದ್ರು. ಹಾಜರಿ ಪುಸ್ತಕ ತೆರೆದಿಟ್ಟಿದೀನಿ, ಓಡಿ ಬನ್ನಿ!"

ಮೇಷ್ಟ್ರು ಬಿದ್ದೆನೋ ಎದ್ದೆನೋ ಅಂತ ಓಡಿದರು. ಒಂದು ಚಪ್ಪಲಿ ದಾರಿಯಲ್ಲೇ ಕಿತ್ತುಹೋಯಿತು, ತಿರುಗಿ ನೋಡಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗೇಟಿನ ಕಂಬಿ ಹಿಡಿದು ಅಲ್ಲಾಡಿಸಿದರು. ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು.

"ತಾತ, ಬೇಗ ತೆಗಿ! ನಾಲ್ಕರೊಳಗೆ ನಾನು ಒಳಗಿರಬೇಕು!"

ತಾತ ಅವರನ್ನು ಅಡಿಯಿಂದ ಮುಡಿಯವರೆಗೂ ನೋಡಿದ. ಅವನ ಮುಖ ಅರಳಿತು. "ಓಹೋ! ಬಂದ್ರಾ?" ಅಂದವನೇ ಸೈರನ್ ಒತ್ತಿದ.

ಆಟದ ಮೇಷ್ಟ್ರು ಮಂಡಿನೋವು ಮರೆತು ಗೇಟು ಹಾರಿ ಬಂದು ಅವರ ಬೆನ್ನಿನ ಮೇಲೆ ಕೂತರು. "ಹಿಡೀರಿ, ಬಿಡಬೇಡಿ!" ಅಂತ ಸಂಗೀತದ ಟೀಚರ್ ಕೂಗಿದ್ದು ಮೂರು ಬೀದಿಗೆ ಕೇಳಿಸಿತು. ಗಣಿತದ ಟೀಚರ್ ಸ್ಕಿಪ್ಪಿಂಗ್ ಹಗ್ಗ ತಂದು ಕೈ ಕಟ್ಟಿದರು.

"ನಾನು ನಿಜವಾಗ್ಲೂ ಸಹಿ ಮಾಡೋಕೆ ಬಂದಿದೀನಿ!"

"ಏನೇ ಹೇಳಿದ್ರೂ ನಂಬಬೇಡಿ ಅಂತ ಸಾಹೇಬರು ಹೇಳಿರಲಿಲ್ವಾ?" ಅಂದರು ಬೆನ್ನಿನ ಮೇಲಿದ್ದ ಆಟದ ಮೇಷ್ಟ್ರು.

"ನನ್ನ ಹೆಂಡತಿ ಮೇಲಾಣೆ! ನನ್ನ ಆರ್ಡರ್ ರದ್ದಾಗುತ್ತೆ!" ಮೇಷ್ಟ್ರು ಗೊಳೋ ಅಂತ ಅತ್ತೇಬಿಟ್ಟರು.

"ಪಾಪ, ಈ ಸಲ ಎಷ್ಟು ಚೆನ್ನಾಗಿ ಮಾಡ್ತಿದಾರೆ! ನಿಜವಾದ ಕಣ್ಣೀರು ಕಣ್ರೀ" ಅಂದರು ಗಣಿತದ ಟೀಚರ್, ಗಂಟು ಇನ್ನಷ್ಟು ಬಿಗಿ ಮಾಡುತ್ತ.

ಗೇಟಿನ ಪಕ್ಕದಲ್ಲೇ ಹೆಡ್ ಮೇಡಂ ಕೊಠಡಿ. "ಮೇಡಂ! ನೀವಾದ್ರೂ ಹೇಳಿ ಮೇಡಂ!" ಅಂತ ಮೇಷ್ಟ್ರು ಅರಚಿಕೊಂಡರು. ಮೇಡಂ ನಿಯಮದ ಪ್ರಕಾರ ಒಳಗಿನಿಂದ ಚಿಲಕ ಹಾಕಿ, ಹಾಜರಿ ಪುಸ್ತಕ ಅಪ್ಪಿಕೊಂಡು ಮೇಜಿನ ಕೆಳಗೆ ಕೂತಿದ್ದರು. ಸೈರನ್ನಿನ ಸದ್ದಿನಲ್ಲಿ ಯಾರ ದನಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ಇಲ್ಲಿ ಯಾರೂ ಇಲ್ಲ!" ಅಂತ ಒಳಗಿನಿಂದ ಕೂಗಿದರು.

ಸೈರನ್ ನಿಂತಾಗ ಸಾಹೇಬರು ಬೀಗುತ್ತ ಕೆಳಗಿಳಿದು ಬಂದರು. "ಭೇಷ್! ಒಂದೇ ನಿಮಿಷದಲ್ಲಿ ಹಿಡಿದ್ರಿ, ಹದಿನೈದು ನಿಮಿಷ ಬಿಡಲಿಲ್ಲ. ಶಾಲೆಗೆ ಪೂರ್ತಿ ಅಂಕ!" ಆಮೇಲೆ ನೆಲದ ಮೇಲಿದ್ದ ಮುಖ ನೋಡಿ ಬೆರಗಾದರು. "ಅರೆ, ನೀವಾ? ನನ್ನ ಮನುಷ್ಯ ಬಸ್ಸು ತಪ್ಪಿಸಿಕೊಂಡು ಬರಲೇ ಇಲ್ಲ. ಶಾಲೆಯ ಮಾನ ಉಳಿಸೋಕೆ ನೀವೇ ಬಂದುಬಿಟ್ರಾ!"

ಅಷ್ಟರಲ್ಲಿ ಮೇಡಂ ಪುಸ್ತಕ ಹಿಡಿದು ಓಡಿಬಂದರು. ವಿಷಯ ತಿಳಿದು ಒಬ್ಬೊಬ್ಬರೇ ತಲೆ ತಗ್ಗಿಸಿದರು. ಸಾಹೇಬರು ಗಡಿಯಾರ ನೋಡಿದರು.

"ನಾಲ್ಕು ಗಂಟೆ ಆರು ನಿಮಿಷ. ಆರ್ಡರ್ ರದ್ದಾಯ್ತು. ನಿಯಮ ಅಂದ್ರೆ ನಿಯಮ, ನಾನೇನೂ ಮಾಡೋಕಾಗಲ್ಲ." ಆದರೂ ಅವರಿಗೆ ಕನಿಕರವಾಯಿತು. ಬಗ್ಗಿ ಮೇಷ್ಟ್ರ ಬೆನ್ನು ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮಂಥವರನ್ನ ನಾನು ಬಿಡ್ತೀನಾ? ಸುತ್ತಮುತ್ತ ಇನ್ನೂ ನಲವತ್ತು ಶಾಲೆಗಳಿವೆ. ಸೋಮವಾರದಿಂದ ಅಷ್ಟಕ್ಕೂ ನೀವೇ ದಾಳಿಕೋರರು."

ಮೇಷ್ಟ್ರು ಕಟ್ಟಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಇದ್ದಬದ್ದ ಆಸೆಯನ್ನೆಲ್ಲ ದನಿಗೆ ತಂದುಕೊಂಡು ಕೇಳಿದರು:

"ಅದಾದ್ರೂ ಕಾಯಂ ತಾನೇ ಸಾರ್?"

"ಛೆ ಛೆ" ಅಂದರು ಸಾಹೇಬರು. "ಸದ್ಯಕ್ಕೆ ತಾತ್ಕಾಲಿಕ."