ನರಳಾಟದ ತಾಲೀಮು

ಸಾಯುವವನಂತೆ ಮಲಗಲು ಮನೆಯಲ್ಲಿ ಇನ್ಯಾರೂ ಒಪ್ಪದೇ ಹೋದದ್ದೇ ಎಲ್ಲ ಫಜೀತಿಗೂ ಮೂಲ.

ಅವನು ನಾಯಿಗಳ ಟ್ರೇನರ್. ಇನ್ನು ವಾಸಿಯಾಗದ ರೋಗಿಗಳನ್ನು ಕೊನೆಯವರೆಗೂ ನೋಡಿಕೊಳ್ಳುವ ಆಸ್ಪತ್ರೆಗೆ ನಾಯಿಗಳನ್ನು ತಯಾರು ಮಾಡುವುದು ಅವನ ಕೆಲಸ. ನಾಯಿ ಸದ್ದಿಲ್ಲದೆ ಹೋಗಿ ಹಾಸಿಗೆಯ ಅಂಚಿಗೆ ಗದ್ದ ಊರಿ ನಿಲ್ಲಬೇಕು. ನೊಂದ ಜೀವಕ್ಕೆ ಒಂದಿಷ್ಟು ಸಮಾಧಾನವಾಗಬೇಕು. ಇದನ್ನು ಕಲಿಸಲು ಒಬ್ಬ ರೋಗಿ ಬೇಕಲ್ಲ? ಹೆಂಡತಿಯನ್ನು ಕೇಳಿದ. "ನಿಮ್ಮ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ?" ಎಂದು ಅವಳು ಅಡುಗೆಮನೆಗೆ ಹೋದಳು. ಅತ್ತೆಯನ್ನು ಕೇಳುವ ಧೈರ್ಯ ಯಾವ ಅಳಿಯನಿಗಿದ್ದೀತು? ಕೊನೆಗೆ ತಾನೇ ಮಂಚ ಹತ್ತಿ ನರಳತೊಡಗಿದ.

ತಿಂಗಳುಗಟ್ಟಲೆ ನರಳಿದ. ಬೆಣ್ಣೆ ಎಂಬ ಆ ಹಳದಿ ನಾಯಿ ಪಾಠವನ್ನು ಚೆನ್ನಾಗಿಯೇ ಕಲಿಯಿತು. ಆದರೆ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಕೇಳಿಸಿಕೊಂಡು, ಬೀದಿಗೆಲ್ಲ ಸುದ್ದಿ ಮುಟ್ಟಿಸಿ, ಹಣ್ಣು ಹಿಡಿದು ನೋಡಲು ಬಂದಳು. "ಹೋಗೋ ಜೀವಾನ ಹಿಡಿದಿಟ್ಕೋಬೇಡಮ್ಮ," ಎಂದು ಹೆಂಡತಿಯ ತಲೆ ಸವರಿದಳು. ಎದುರು ಮನೆಯವರು, ಎರವಲು ಒಯ್ದಿದ್ದ ಏಣಿಯನ್ನು ಇನ್ಯಾರು ಕೇಳುತ್ತಾರೆಂದು ತಮ್ಮ ಹಿತ್ತಿಲಲ್ಲೇ ಒರಗಿಸಿಕೊಂಡರು.

ಇವತ್ತು ಪರೀಕ್ಷೆ. ಹಿಂದಿನ ಎರಡು ನಾಯಿಗಳು ಫೇಲಾಗಿದ್ದವು. ಜೊತೆಗೆ ಬಂದಿದ್ದ ಅವನ ಮೇಲ್ವಿಚಾರಕರು ದಾರಿಯಲ್ಲೇ ಹೇಳಿದ್ದರು: "ಇದೂ ಫೇಲಾದ್ರೆ ನಾಯಿ ಗೋದಾಮು ಕಾಯೋಕೆ, ನೀನು ಮನೆ ಕಾಯೋಕೆ. ಪಾಸಾದ್ರೆ ಮಾತ್ರ ಆಫೀಸಲ್ಲಿ ಕುರ್ಚಿ ಕೊಡ್ತೀನಿ. ಈ ನರಳಾಟ ಎಲ್ಲ ಬಿಟ್ಟುಬಿಡಬಹುದು."

ಆಸ್ಪತ್ರೆಯಲ್ಲಿ ಹೆಡ್ ನರ್ಸಮ್ಮ ಸ್ಟೀಲ್ ತಟ್ಟೆಯನ್ನು ಧಡಾರನೆ ಬೀಳಿಸಿದರು. ಟ್ರೇನರ್ ಹಾರಿಬಿದ್ದ, ಬೆಣ್ಣೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ದಾರಿಯಲ್ಲಿ ಬಿಸ್ಕತ್ತು ಚೆಲ್ಲಿದರು. ಬೆಳಿಗ್ಗೆಯಿಂದ ಏನೂ ತಿನ್ನದ ಟ್ರೇನರ್ ಆಸೆಯಿಂದ ನೋಡಿದ, ಬೆಣ್ಣೆ ದಾಟಿಕೊಂಡು ಹೋಯಿತು. ಉಳಿದದ್ದು ಕೊನೆಯ ಪರೀಕ್ಷೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಲಾರಿ ಡ್ರೈವರ್ ಅಜ್ಜನ ಬಳಿಗೆ ಅದು ಹೋಗಬೇಕಿತ್ತು.

"ಹೋಗು ಬೆಣ್ಣೆ," ಎಂದ ಟ್ರೇನರ್.

ಬೆಣ್ಣೆ ನೇರವಾಗಿ ತಿರುಗಿ ಬಂದು ಅವನ ಮೊಣಕಾಲಿಗೇ ಗದ್ದ ಊರಿತು. ಇನ್ನೊಮ್ಮೆ ಕಳಿಸಿದ, ಮತ್ತೆ ಅವನ ಬಳಿಗೇ ಬಂತು. ಆಗ ಅವನಿಗೆ ಹೊಳೆಯಿತು: ನಾಯಿಯ ಲೆಕ್ಕದಲ್ಲಿ ಈ ಲೋಕಕ್ಕೆಲ್ಲ ರೋಗಿ ಒಬ್ಬನೇ, ಅದು ತಾನು.

"ಇದಕ್ಕೆ ನೀವೇ ಅಷ್ಟು ಮುಖ್ಯಾನಾ?" ಎಂದರು ನರ್ಸಮ್ಮ. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಜ್ಜನ ಪಕ್ಕದ ಮಂಚ ಖಾಲಿಯಿತ್ತು. ನಾಯಿಯನ್ನು ಅಜ್ಜನ ಹತ್ತಿರಕ್ಕಾದರೂ ಸೆಳೆಯೋಣವೆಂದು ಟ್ರೇನರ್ ಬೂಟು ಸಮೇತ ಹತ್ತಿ ಮಲಗಿ, ಹೊದಿಕೆ ಎಳೆದುಕೊಂಡು ಜೋರಾಗಿ ನರಳಿದ. ಬೆಣ್ಣೆ ಓಡಿಬಂತು. ಆಗಷ್ಟೇ ಒಳಬಂದ ಆಯಾ, "ಅಯ್ಯೋ, ಹೊಸಬರು ಯಾವಾಗ ಬಂದ್ರು? ಮನೆಯವರು ಯಾರೂ ಬಂದಿಲ್ವಾ ಅಪ್ಪಾ?" ಎಂದು ಅವನ ಹಣೆ ಒರೆಸಿದಳು.

ಗೋಡೆಯ ಕಡೆಗಿದ್ದ ಮುಖ ನಿಧಾನವಾಗಿ ಈಚೆ ಹೊರಳಿತು.

"ಯಾರೂ ಹಾಗೆ ನರಳಲ್ಲ ಕಣಯ್ಯ," ಎಂದ ಅಜ್ಜ. "ಲಾರಿ ಕೆಟ್ಟು ನಿಂತ ಹಾಗಿದೆ. ನಾನು ಇಲ್ಲೇ ಬಿದ್ದಿದೀನಲ್ಲ, ನೋಡಿ ಕಲಿಬಾರದಾ?"

ಹೇಳಿ ನಕ್ಕ. ನಗುನಗುತ್ತಲೇ ಉಸಿರು ಸಿಕ್ಕಿಹಾಕಿಕೊಂಡಿತು. ಕಣ್ಣಂಚಿನಿಂದ ನೀರು ಇಳಿಯಿತು. ಸದ್ದೇ ಇರಲಿಲ್ಲ.

ಬೆಣ್ಣೆ ತಲೆಯೆತ್ತಿತು. ಟ್ರೇನರ್ ಗಾಬರಿಯಲ್ಲಿ ಇನ್ನಷ್ಟು ಜೋರಾಗಿ ನರಳಿದ. ಅದು ತಿರುಗಿಯೂ ನೋಡಲಿಲ್ಲ. ಎರಡು ಮಂಚಗಳ ನಡುವಿನ ಜಾಗವನ್ನು ಮೆಲ್ಲಗೆ ದಾಟಿ ಹೋಗಿ, ಅಜ್ಜನ ತೆರೆದ ಅಂಗೈಯಲ್ಲಿ ತನ್ನ ಗದ್ದ ಇಟ್ಟಿತು. ಮುದುಕನ ಎದೆ ಏರುವಾಗ ನಾಯಿಯ ಪಕ್ಕೆ ಏರುತ್ತಿತ್ತು, ಇಳಿಯುವಾಗ ಇಳಿಯುತ್ತಿತ್ತು. ನೋಡನೋಡುತ್ತ ಎರಡೂ ಉಸಿರು ನಿಧಾನವಾದವು. ಆಯಾ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಮೇಲ್ವಿಚಾರಕರು ಗಡಿಯಾರ ಮರೆತರು.

ಟ್ರೇನರ್‌ಗೆ ಮೈ ಜುಮ್ಮೆಂದಿತು. ಇದನ್ನು ಅವನು ಕಲಿಸಿರಲಿಲ್ಲ, ಕಲಿಸಲು ಅವನಿಗೆ ಬರುತ್ತಲೂ ಇರಲಿಲ್ಲ. ಇಷ್ಟು ದಿನ ಸುಳ್ಳು ನರಳಾಟವನ್ನೇ ಕೇಳಿಕೊಂಡು ಬೆಳೆದ ಮೂಕಪ್ರಾಣಿ, ಸದ್ದೇ ಇಲ್ಲದ ನಿಜವನ್ನು ಹೇಗೆ ಗುರುತಿಸಿತು? ನಮಸ್ಕಾರ ಮಾಡಬೇಕೆನ್ನಿಸಿತು, ಹೊದಿಕೆಯೊಳಗೇ ಕೈ ಮುಗಿದ.

"ಪಾಸು," ಎಂದರು ನರ್ಸಮ್ಮ ಕಣ್ಣೊರೆಸಿಕೊಂಡು.

ಆಫೀಸಿನ ಕುರ್ಚಿ ಕಣ್ಣಿಗೆ ಕಟ್ಟಿದಂತಾಗಿ ಟ್ರೇನರ್ ದಡಬಡಿಸಿ ಎದ್ದ.

"ನೀವು ಏಳಬೇಡಿ," ಎಂದು ನರ್ಸಮ್ಮ ತಡೆದರು. "ಈ ಅಜ್ಜ ಬಂದಾಗಿನಿಂದ ನಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ. ನಾಯಿ ಮೊದಲು ನಿಮ್ಮ ಹತ್ತಿರ ಬರುತ್ತೆ, ಆಮೇಲೆ ಅವರ ಹತ್ತಿರ ಹೋಗುತ್ತೆ. ಅದರ ಪದ್ಧತಿ ಹಾಗಿದ್ರೆ ನಾವ್ಯಾಕೆ ಕೆಡಿಸೋದು? ದಿನಾ ಬಂದು ಇಲ್ಲೇ ಮಲಗಿ."

"ಮಲಗ್ತಾನೆ, ಮಲಗ್ತಾನೆ," ಎಂದರು ಮೇಲ್ವಿಚಾರಕರು, ಕುರ್ಚಿಯ ಸುದ್ದಿಯನ್ನೇ ಎತ್ತದೆ.

ಅಜ್ಜ ನಾಯಿಯ ಕಿವಿ ನೇವರಿಸುತ್ತಲೇ ಇವನ ಕಡೆ ನೋಡಿದ.

"ನಾಳೆ ಸ್ವಲ್ಪ ಬೇಗ ಬಾರಯ್ಯ," ಎಂದ. "ಮೊದಲು ಕೆಮ್ಮೋದು ಹೇಳಿಕೊಡ್ತೀನಿ."