ದೋಣಿಗೆ ಸೀಸವೋ, ನೀರೋ?

ನಿವೃತ್ತರಾದ ವಿಜ್ಞಾನದ ಮೇಷ್ಟರಿಗೆ ಒಂದು ರೋಗವಿರುತ್ತದೆ. ಯಾರಾದರೂ ಸಲಹೆ ಕೇಳಿದರೆ ‘ನನಗೆ ಗೊತ್ತಿಲ್ಲ’ ಎಂಬ ಮಾತು ಗಂಟಲು ದಾಟಿ ಬರುವುದೇ ಇಲ್ಲ. ಮೈಲೂರಿನ ನಮ್ಮ ಓಣಿಯಲ್ಲಿ ಬೋರ್‌ವೆಲ್ ಮೋಟರು ಕೆಟ್ಟರೂ, ಕೂಸಿಗೆ ಹೆಸರಿಡಬೇಕಾದರೂ ನನ್ನ ಬಾಗಿಲು ತಟ್ಟುತ್ತಾರೆ. ನಾನೂ ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಏನಾದರೊಂದು ಹೇಳಿ ಕಳಿಸುತ್ತೇನೆ. ನನ್ನದು ಈ ರೋಗದ ಮುಂದಿನ ಹಂತ. ಕೇಳಿದವರ ಮುಖ ನೋಡಿ, ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡುತ್ತೇನೆ. ಹೀಗಾಗಿ ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಒಬ್ಬ ವೈರಿಯೂ ಹುಟ್ಟಲಿಲ್ಲ. ಕೊನೆಗೆ ಒಂದು ದೋಣಿ ನನ್ನನ್ನು ಹಿಡಿದುಹಾಕಿತು.

ದೋಣಿ ನನ್ನ ಬಾಲ್ಯದ ಗೆಳೆಯ ವೈಜಿನಾಥನದು. ಸಂತಪುರದಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಹೊಲ ಹರಗುವಾಗ ಕುಂಟೆ ಚೆನ್ನಾಗಿ ನೆಲ ಕಚ್ಚಲೆಂದು ಅದರ ಮೇಲೆ ಹುಡುಗರನ್ನು ಕೂಡಿಸುತ್ತಿದ್ದರು. ಧೂಳೆಬ್ಬಿಸುತ್ತ ಸಾಗುವ ಆ ಸವಾರಿಗಾಗಿ ನಾವಿಬ್ಬರೂ ಹೊಡೆದಾಡುತ್ತಿದ್ದೆವು. ಆದರೆ ನನ್ನ ಸ್ವಂತ ಅಪ್ಪನೇ ದುಂಡಗಿದ್ದ ವೈಜಿನಾಥನನ್ನು ಕರೆಯುತ್ತಿದ್ದ. “ನೀ ಕೂತ್ರೂ ಅಷ್ಟೇ, ಕಾಗಿ ಕೂತ್ರೂ ಅಷ್ಟೇ” ಎಂದು ನನ್ನನ್ನು ಬದುವಿಗೆ ಅಟ್ಟುತ್ತಿದ್ದ. ಬದುವಿನ ಮೇಲೆ ಕೂತು ನಾನು ಪುಸ್ತಕ ಓದಿದೆ, ಮೇಷ್ಟರಾದೆ. ಕುಂಟೆಯ ಮೇಲೆ ಕೂತ ವೈಜಿನಾಥ ನೌಬಾದದಲ್ಲಿ ಟೈರ್ ಅಂಗಡಿ ಹಾಕಿದ.

ಅವನಿಗೆ ಒಬ್ಬಳೇ ಮಗಳು, ಸಂಗೀತಾ. ಗೋವಾದಲ್ಲಿ ಪ್ರವಾಸಿಗರಿಗೆ ನೀರಾಟ ಕಲಿಸುವ ಕೆಲಸದಲ್ಲಿದ್ದವಳು. ತಾಯಿ ಕಮಲಮ್ಮ ತೀರಿಕೊಂಡ ಮೇಲೆ ಊರಿಗೆ ಮರಳಿದಳು. ಭಾಲ್ಕಿ ಕಡೆಯ ಹಿನ್ನೀರಿನಲ್ಲಿ ಅದೇ ಆಟವನ್ನು ಇಲ್ಲಿಯ ಹುಡುಗಿಯರಿಗೂ ಕಲಿಸಬೇಕೆಂದು ಹೈದರಾಬಾದಿನಿಂದ ಒಂದು ಹಳೆಯ ಮೋಟರ್ ದೋಣಿಯನ್ನು ಅಪ್ಪನಿಂದ ಕೊಡಿಸಿಕೊಂಡಳು. ಆಟದ ಹೆಸರು ವೇಕ್‌ಬೋರ್ಡಿಂಗ್. ಕಾಲಿಗೆ ಹಲಗೆ ಕಟ್ಟಿಕೊಂಡು, ದೋಣಿಯ ಹಗ್ಗ ಹಿಡಿದು, ಅದು ಎಬ್ಬಿಸುವ ಅಲೆಯ ಮೇಲಿಂದ ಹಾರುವುದು. ಅಲೆ ದೊಡ್ಡದಾಗಬೇಕಾದರೆ ದೋಣಿಯ ಹಿಂಭಾಗ ಭಾರವಾಗಿ ನೀರಿಗೆ ಇಳಿಯಬೇಕಂತೆ. ಜಗತ್ತಿನಲ್ಲಿ ಎಲ್ಲರೂ ದೋಣಿ ತೇಲಲಿ ಎಂದು ಬೇಡಿಕೊಂಡರೆ ಇವರು ಸ್ವಲ್ಪ ಮುಳುಗಲಿ ಎನ್ನುವವರು. ಆ ಭಾರ ಯಾವುದಿರಬೇಕು ಎಂಬಲ್ಲಿ ಅಪ್ಪ–ಮಗಳಿಗೆ ಜಗಳ ಹತ್ತಿ ಮಾತು ನಿಂತುಹೋಯಿತು.

ಮೊದಲು ವೈಜಿನಾಥ ಬಂದ. “ಮಾಸ್ತರ, ನನ್ನ ಅಂಗಡ್ಯಾಗ ಗಾಲಿ ಸಮತೂಕಕ್ಕ ಬಡಿಯೋ ಸೀಸ ಚೀಲಗಟ್ಲೆ ಬಿದ್ದದ. ಭಾರಕ್ಕ ಭಾರ, ಚೊಕ್ಕ ವಜ್ಜಿ, ಸಣ್ಣ ಜಾಗಾ. ಸೀಟಿನ ಕೆಳಗ ತುರುಕಿದ್ರ ಮುಗೀತು. ಆಕಿ ನೀರಿನ ಚೀಲ ಅಂತಾಳ. ನೀರಾಗ ಹೋಗೋ ದೋಣಿಗಿ ನೀರು ಹೇರೋದು ಯಾವ ಶಾಣ್ಯಾತನ, ನೀನೇ ಹೇಳು.” ಹೇಳುತ್ತ ಜೇಬಿನಿಂದ ಒಂದು ಸೀಸದ ತುಂಡು ತೆಗೆದು ನನ್ನ ಕೈಗಿಟ್ಟ. ನಾನು ಕನ್ನಡಕ ಒರೆಸಿ, “ಸೀಸನೇ ಬರಾಬರ್” ಎಂದೆ.

ಮರುದಿನ ಸಂಗೀತಾ ಬಂದಳು. “ಕಾಕಾ, ಸೀಸ ಒಮ್ಮಿ ಹಾಕಿದ್ರ ತೆಗೆಯೋದು ಹ್ಯಾಂಗ್ರಿ? ದೋಣಿಯೊಳಗ ನೀರು ಹೊಕ್ಕರ ತಳಕ್ಕ ಎಳೀತದ. ನೀರಿನ ಚೀಲ ಆದ್ರ ಪಂಪ್ ಒತ್ತಿದ್ರ ಖಾಲಿ. ಹೊಸದಾಗಿ ಕಲಿಯೋರಿಗಿ ಸಣ್ಣ ಅಲಿ ಬೇಕು, ಆಗ ಅರ್ಧ ತೆಗೀಬಹುದು. ಅಪ್ಪಾಗ ನೀವೇ ಒಂದು ಮಾತು ಹೇಳ್ರಿ.” ಅವಳ ಮಾತು ನೂರಕ್ಕೆ ನೂರು ನಿಜ. “ನೀರೇ ಸರಿ ಮಗಳೇ” ಎಂದೆ. ಅಪ್ಪನಿಗೆ ಹೇಳುವುದನ್ನು ಮಾತ್ರ ನಾಳೆಗೆ, ನಾಳೆಯಿಂದ ನಾಡಿದ್ದಿಗೆ ತಳ್ಳಿದೆ. ನನ್ನ ಹೆಂಡತಿ ಚಹಾದ ಲೋಟ ಕುಕ್ಕಿ, “ಇಬ್ಬರಿಗೂ ಹೂಂ ಅಂದೀರಲ್ರಿ, ಹಿಂಗ ಅಂದವರಿಗಿ ಇಬ್ಬರ ಮನ್ಯಾಗೂ ಊಟ ಸಿಗಂಗಿಲ್ಲ” ಎಂದಳು.

ಭಾನುವಾರ ಬೆಳಿಗ್ಗೆ ದೋಣಿಯ ಪರೀಕ್ಷೆ. ನನಗೂ ಕರೆ ಬಂತು. ಅಪ್ಪ ಮಗಳು ಇಬ್ಬರೂ ನನ್ನನ್ನು ನೋಡಿ ಬಹಳ ಪ್ರೀತಿಯಿಂದ ನಕ್ಕಾಗಲೇ ಮನೆಗೆ ಮರಳುವ ಬಸ್ಸು ಎಷ್ಟಕ್ಕೆಂದು ಲೆಕ್ಕ ಹಾಕತೊಡಗಿದೆ. ತಾನೇ ಗೆದ್ದೆನೆಂದು ಇಬ್ಬರೂ ತಿಳಿದಿದ್ದರು. ಸಂಗೀತಾ ಎರಡು ದೊಡ್ಡ ಚೀಲಗಳಿಗೆ ಹಿನ್ನೀರನ್ನೇ ಪಂಪಿನಿಂದ ತುಂಬುತ್ತಿದ್ದಳು. “ತುಂಬಲಿ ಬಿಡು, ಆಕಿಗೂ ಸಮಾಧಾನ ಆಗ್ಲಿ” ಎಂದು ವೈಜಿನಾಥ ನನಗೆ ಕಣ್ಣು ಹೊಡೆದ. ದೋಣಿ ಹತ್ತಿದಾಗ ಹಿಂದಿನ ಸೀಟಿನ ಕೆಳಗೆ ಸಾಲಾಗಿ ಇಟ್ಟ ಬಟ್ಟೆಯ ಗಂಟುಗಳು ಕಂಡವು. ಸೀಸ! ಎರಡೂ ಭಾರ ಒಂದೇ ದೋಣಿಯಲ್ಲಿ. ಮಗಳಿಗೆ ಸೀಸದ ಸುದ್ದಿ ಗೊತ್ತಿಲ್ಲ, ಅಪ್ಪನಿಗೆ ಅದರ ಅಪಾಯ ಗೊತ್ತಿಲ್ಲ; ಎರಡೂ ಗೊತ್ತಿದ್ದವನು ನಾನೊಬ್ಬನೇ. ಆಗಲಾದರೂ ಬಾಯಿ ಬಿಡಬೇಕಿತ್ತು. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡು ಕೂತೆ.

ವೈಜಿನಾಥ ದಂಡೆಯ ಗುಂಟ ದೋಣಿ ಓಡಿಸಿದ. ಹಿಂದೆ ಎದ್ದ ಅಲೆಯೋ, ಗೋಡೆಯಂಥದು! ಸಂಗೀತಾ ಹಗ್ಗ ಹಿಡಿದು ಹಕ್ಕಿಯಂತೆ ಹಾರಿದಳು. ಎರಡನೇ ಸಲ ಹಾರಿ ನೀರಿಗೆ ಬಿದ್ದಾಗ ವೈಜಿನಾಥ ಗಾಬರಿಯಾಗಿ ಒಮ್ಮೆಲೇ ವೇಗ ಇಳಿಸಿದ. ನಮ್ಮದೇ ಅಲೆ ಹಿಂದಿನಿಂದ ಬಂದು, ತಗ್ಗಿದ್ದ ಅಂಚನ್ನು ದಾಟಿ, ದೋಣಿಯೊಳಗೆ ಕಾಲಿಟ್ಟಿತು. ನಾನು ವಿಜ್ಞಾನ ಮರೆತು ಬಸವಣ್ಣನನ್ನು ನೆನೆದೆ. ದಂಡೆ ಹತ್ತಿರವಿದ್ದುದರಿಂದ ದೋಣಿಯ ಬಾಲ ಮೊಣಕಾಲುದ್ದದ ಕೆಸರಿನಲ್ಲಿ ಕುಳಿತಿತು.

ಈಜಿ ಬಂದ ಸಂಗೀತಾ ಪಂಪ್ ಒತ್ತಿದಳು. ನೋಡುನೋಡುತ್ತ ನೀರಿನ ಚೀಲಗಳು ಚಪ್ಪಟೆಯಾದವು. ದೋಣಿ ಏಳಲಿಲ್ಲ. ಸೀಟು ಎತ್ತಿ ನೋಡಿ, “ಇದೇನಪ್ಪಾ?” ಎಂದಳು. ವೈಜಿನಾಥ ನನ್ನತ್ತ ತಿರುಗಿ, “ನೀನೇ ಅಲ್ಲೇನು ಸೀಸ ಬರಾಬರ್ ಅಂದಿದ್ದು?” ಎಂದ. “ನನಗ ನೀರೇ ಸರಿ ಅಂದಿದ್ರಲ್ರಿ ಕಾಕಾ!” ಎಂದಳು ಮಗಳು. ಹಿನ್ನೀರಿನ ಆಚೆ ದಂಡೆಯಲ್ಲಿದ್ದ ಒಂದು ಕೊಕ್ಕರೆಯನ್ನು ನಾನು ಬಹಳ ಆಸಕ್ತಿಯಿಂದ ನೋಡಿದೆ.

ಶಿಕ್ಷೆಯಾಗಿ ಗಂಟುಗಳನ್ನು ಹೊತ್ತು ದಂಡೆಗೆ ಒಯ್ಯುವ ಕೆಲಸ ನನಗೆ ಬಂತು. ಮೂರನೆಯದನ್ನು ಎತ್ತಿಕೊಡುವಾಗ ಸಂಗೀತಾಳ ಕೈ ನಿಂತಿತು. ಹಳೆಯ ಹಸಿರು ಸೀರೆಯ ಬಟ್ಟೆ, ಎರಡೆಳೆ ದಾರದ ಒತ್ತೊತ್ತು ಹೊಲಿಗೆ. “ಇದು ಅವ್ವನ ಕೈ ಹೊಲಿಗಿ” ಎಂದಳು.

ವೈಜಿನಾಥ ನೀರು ನೋಡುತ್ತ ಹೇಳಿದ. “ಹೌದವ್ವ. ಸಂಜಿಕಿ ಅಂಗಡಿಗಿ ಬರ್ತಿದ್ಳಲ್ಲ, ಗಾಲಿಯಿಂದ ಕಿತ್ತು ಒಗೆದ ತುಂಡೆಲ್ಲ ಆರಿಸಿ ಹೊಲಿದಿಡ್ತಿದ್ಳು. ಎಂದಾರ ಕೆಲಸಕ್ಕ ಬರ್ತದ ಅಂತಿದ್ಳು. ನಿನ್ನ ಕೆಲಸಕ್ಕೇ ಬರ್ಲಿ ಅಂತ ನನಗ...” ಎಂದವನು ಉಳಿದ ಗಂಟುಗಳ ಮೇಲಿನ ಕೆಸರು ಒರೆಸತೊಡಗಿದ.

ನನಗೆ ಆ ಸಂಜೆಗಳೆಲ್ಲ ಕಣ್ಣಿಗೆ ಬಂದವು. ಸಾಲೆ ಬಿಟ್ಟು ನೇರವಾಗಿ ನೌಬಾದಕ್ಕೆ ಹೋಗಿ, ಹಳೆ ಟೈರುಗಳ ರಾಶಿಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತಿದ್ದೆ. ಕಮಲಮ್ಮ ಸ್ಟೋವಿನ ಮೇಲೆ ಚಹಾಕ್ಕಿಟ್ಟು, ಬೆರಳುದ್ದದ ಸೀಸದ ತುಂಡುಗಳನ್ನು ಡಬ್ಬಿಗೆ ಟಣ್ ಟಣ್ ಎಂದು ಹಾಕುತ್ತ, “ಅಣ್ಣಾ, ಚಾದಾಗ ಅದ್ರಕ್ ಜಾಸ್ತಿ ಆಯ್ತೇನ್ರಿ?” ಎಂದು ಕೇಳುತ್ತಿದ್ದರು. ಶುಂಠಿ ಗಂಟಲು ಸುಡುತ್ತಿದ್ದರೂ ನಾನು ದಿನವೂ “ಬರಾಬರ್ ಅದ” ಎನ್ನುತ್ತಿದ್ದೆ. ಆ ಒಂದು ಸುಳ್ಳಿಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಸಂಗೀತಾ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ, “ಅಪ್ಪಾ, ಹಿಂದ ನೀರೇ ಇರ್ಲಿ. ಮಂದಿ ಮಕ್ಕಳ ಜೀವದ ಮಾತು. ಆದ್ರ ಓಡುವಾಗ ದೋಣಿ ಮುಂದಿನ ಮೂಗು ಮ್ಯಾಲ ಏಳ್ತದ. ಅಲ್ಲಿ ಅಲುಗಾಡದಂಗ ಕೂಡೋ ಒಂದು ಸಣ್ಣ ವಜ್ಜಿ ಬೇಕು” ಎಂದು ತಾನೇ ಅದನ್ನು ಒಯ್ದು ಮುಂಭಾಗದಲ್ಲಿ ಬಿಗಿಯಾಗಿ ಕಟ್ಟಿದಳು. ವೈಜಿನಾಥ ಹಿಂದೆಯೇ ಹೋಗಿ ಗಂಟು ಸರಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದ. ಕಣ್ಣು ಒರೆಸಿಕೊಂಡಿದ್ದು ಹಿನ್ನೀರು ಸಿಡಿದದ್ದಕ್ಕಂತೆ.

ದೋಣಿಯೊಳಗಿನ ನೀರು ಚೆಲ್ಲಿ, ಇಂಜಿನ್ ಒಣಗಿಸಿ, ಚೀಲಗಳಿಗೆ ನೀರು ತುಂಬಿ ಮತ್ತೆ ಹೊರಡುವಾಗ ಮಧ್ಯಾಹ್ನವಾಗಿತ್ತು. ನಾನೂ ಪ್ಯಾಂಟು ಮಡಚಿಕೊಂಡು ಹತ್ತಲು ಹೋದೆ. “ಕಾಕಾ, ನೀವು ದಂಡಿ ಮ್ಯಾಲೇ ಇರ್ರಿ” ಎಂದಳು ಸಂಗೀತಾ, ಬಹಳ ಮರ್ಯಾದೆಯಿಂದ. “ಈಗ ತೂಕ ಸರಿ ಕೂತದ.” ಅಪ್ಪ ಮಗಳು ನಗುತ್ತ ಹೊರಟುಹೋದರು. ನಾನು ಅವರಿಬ್ಬರ ಚಪ್ಪಲಿ ಕಾಯುತ್ತ ದಂಡೆಯಲ್ಲಿ ನಿಂತು, ಇನ್ನಷ್ಟು ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಕೂಗಿ ಕೂಗಿ ಸಲಹೆ ಕೊಟ್ಟೆ. ಇಂಜಿನ್ನಿನ ಸದ್ದಿಗೆ ಒಂದೂ ಕೇಳಿಸಲಿಲ್ಲ. ದೋಣಿ ಬಹಳ ಚೆನ್ನಾಗಿ ಓಡಿತು.